ಸೊನ್ನೆ ನಂಬರಿನ ಕಟ್ಟೆ

ಹಾವೇರಿ ಜಿಲ್ಲೆಯಲ್ಲಿ ಸೊನ್ನೆಯು ಒಂದು ಕ್ರಮಸಂಖ್ಯೆಯಾಗಿ ಅಧಿಕೃತವಾಗಿ ಜಾರಿಗೆ ಬಂದದ್ದು ೨೦೦೬ನೆಯ ಇಸವಿ ನವೆಂಬರ್ ಹದಿನಾಲ್ಕರಂದು, ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಹತ್ತು ನಿಮಿಷ ಮೊದಲು. ಅಲ್ಲಿಯವರೆಗೆ ಜಿಲ್ಲೆಯ ಜನ ಒಂದರಿಂದ ಎಣಿಸುತ್ತಿದ್ದರು. ಅದರಿಂದ ಯಾರಿಗೂ ತೊಂದರೆಯಾದ ದಾಖಲೆ ಇಲ್ಲ.

ಜಾರಿಗೆ ತಂದವಳ ಹೆಸರು ದುರ್ಗಾ. ಕರ್ಜಗಿಯವಳು; ದಿನಾ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹಾವೇರಿಗೆ ಬರುತ್ತಿದ್ದಳು. ರಾಣೇಬೆನ್ನೂರಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದಳು, ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿದ್ದಳು, ಬರೆದದ್ದನ್ನು ಎರಡು ಸಲ ಓದಿ ನೋಡುವ ಒಳ್ಳೆಯ ಅಭ್ಯಾಸ ಇಟ್ಟುಕೊಂಡಿದ್ದಳು. ಇಂಥ ಅಭ್ಯಾಸದವರನ್ನು ಕಾಯಂ ಮಾಡಿಕೊಳ್ಳಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ, ಮಹಿಳಾ ಮಾರಾಟಕಟ್ಟೆ ಹಂಚಿಕೆ ಕೋಶವು ಅವಳನ್ನು ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಇಟ್ಟುಕೊಂಡಿತ್ತು. ಹನ್ನೆರಡನೆಯ ತಿಂಗಳಲ್ಲಿ ಕಚೇರಿಯ ಮಟ್ಟಿಗೆ ದುರ್ಗಾ ಎಂಬವಳು ಇರುತ್ತಿರಲಿಲ್ಲ. ಆದರೂ ಬಂದು ಕೆಲಸ ಮಾಡಿ ಹೋಗುತ್ತಿದ್ದಳು.

ಕೋಶದ ಕೆಲಸ ಸರಳವಾದದ್ದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಮಗ್ಗುಲಲ್ಲಿ ಇಪ್ಪತ್ನಾಲ್ಕು ಕಟ್ಟೆಗಳು ಎದ್ದಿದ್ದವು; ಮೇಲೆ ತಗಡು, ಕೆಳಗೆ ಶಹಾಬಾದಿ ಕಲ್ಲು. ವ್ಯಾಪಾರಿಗಳ ಅಂಗಳದಲ್ಲಿ ಕೂಲಿಗೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಇನ್ನು ಮೇಲೆ ತಮ್ಮದೇ ಕಟ್ಟೆಯಲ್ಲಿ ತಮ್ಮದೇ ಕಾಯಿ ಮಾರಿಕೊಳ್ಳಲಿ ಎಂಬುದು ಯೋಜನೆ. ಆರುನೂರು ಅರ್ಜಿ ಬಂದಿದ್ದವು. ಬೆಂಗಳೂರಿನ ಪ್ರಧಾನ ಕಚೇರಿ ಚೀಟಿ ಎತ್ತಿ, ಆಯ್ಕೆಯಾದ ಇಪ್ಪತ್ನಾಲ್ಕು ಹೆಂಗಸರ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿತು. ಹಾವೇರಿಯ ಕೋಶ ಆ ಪಟ್ಟಿಯನ್ನು ಇಳಿಸಿಕೊಂಡು, ಹಕ್ಕುಚೀಟಿ ಮುದ್ರಿಸಿ, ಶಿಕ್ಕಾ ಹೊಡೆದು ಹಂಚಬೇಕು. ಅಷ್ಟೇ.

ನೋಡಿ ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ. ಆದರೆ ಹಿಂದಿನ ವರ್ಷ ಬೇರೊಂದು ಯೋಜನೆಯ ಪಟ್ಟಿಯನ್ನು ಹೀಗೆಯೇ ನೋಡಿ ಬರೆದುಕೊಳ್ಳುವಾಗ ಒಬ್ಬ ಗುಮಾಸ್ತರ ನಾದಿನಿ ನಾಲ್ಕು ಬೇರೆ ಬೇರೆ ಕಾಗುಣಿತದಲ್ಲಿ ನಾಲ್ಕು ಸಲ ಆಯ್ಕೆಯಾಗಿದ್ದಳು. ಆದ್ದರಿಂದ ಈ ಸಲ ಪಟ್ಟಿಗಿಂತ ಮೊದಲೇ ಸುತ್ತೋಲೆ ಬಂದಿತ್ತು:

“ಪಟ್ಟಿಯ ವರ್ಗಾವಣೆಯಲ್ಲಿ ಮನುಷ್ಯನ ಕೈ ತಾಗತಕ್ಕದ್ದಲ್ಲ. ಮುದ್ರಣಕ್ಕೆ ಮುನ್ನ ಪಟ್ಟಿಯನ್ನು ಯಾರೂ ನೋಡತಕ್ಕದ್ದಲ್ಲ. ಯಂತ್ರವು ಹೊರತೆಗೆದದ್ದೇ ಅಂತಿಮ ಪಟ್ಟಿ. ಯಂತ್ರಕ್ಕೆ ನಾದಿನಿಯರು ಇರುವುದಿಲ್ಲವೆಂಬುದನ್ನು ಎಲ್ಲ ಸಿಬ್ಬಂದಿ ಗಮನದಲ್ಲಿಡುವುದು.”

ಹೀಗೆ ದುರ್ಗಾ ಒಂದು ಸ್ಕ್ರಿಪ್ಟು ಬರೆಯಬೇಕಾಯಿತು. ಅದು ಓಡಬೇಕಾದ ಸರ್ವರು ಕಚೇರಿಯ ಮೂಲೆಯಲ್ಲಿ ಇತ್ತು. ಅದಕ್ಕೆಂದು ಒಂದು ಟೇಬಲ್ ಫ್ಯಾನು ಮಂಜೂರಾಗಿತ್ತು; ಆ ಗಾಳಿಗೆ ಮನುಷ್ಯರು ಅಡ್ಡ ಕೂರಕೂಡದೆಂದು ಗೋಡೆಯ ಮೇಲೆ ಬರೆದಿತ್ತು.

ಕೋಶದ ಅಧೀಕ್ಷಕರಾದ ಗೋಣೆಪ್ಪನವರು ನಿವೃತ್ತಿಗೆ ಎರಡು ವರ್ಷ ಉಳಿದವರು. ತಮಗೆ ತಿಳಿಯದ್ದಕ್ಕೆ ಸಹಿ ಹಾಕಿ ಅನುಭವವಿದ್ದರೂ, ಹಾಕುವ ಮೊದಲು ಒಮ್ಮೆ ಕೇಳುವ ಸೌಜನ್ಯ ಅವರಲ್ಲಿತ್ತು.

“ಏನವಾ ದುರ್ಗಾ, ಇದು ಹೆಂಗ ತಗೀತೈತಿ, ನನಗ ತಿಳಿಯೂವಂಗ ಹೇಳು. ನಾಳೆ ಮ್ಯಾಲಿನವರು ಕೇಳಿದ್ರ ನಾನೂ ಒಂದೀಟು ಬಾಯಿ ತಗೀಬೇಕಲ್ಲ.”

“ಮೆಣಸಿನಕಾಯಿ ಚೀಲ ಇದ್ದಂಗ್ರಿ ಸರ,” ಅಂದಳು ದುರ್ಗಾ. “ವೆಬ್‌ಸೈಟಿನ ಪುಟ ನಮಗ ಕಾಣೂದು ಒಂದು, ಅದರ ಹಿಂದ ಇರೂದು ಒಂದು. ಹಿಂದ ಎಚ್‌ಟಿಎಂಎಲ್ ಅಂತ ಇರತೈತಿ. ಅಲ್ಲಿ ಒಂದೊಂದು ಹೆಸರಿಗೂ ಹಿಂದೊಂದು ಮುಂದೊಂದು ಟ್ಯಾಗ್ ಹಚ್ಚಿರತಾರ. ಟ್ಯಾಗ್ ಅಂದ್ರ ತೊಟ್ಟು ಅನ್ಕೋರಿ. ನನ್ನ ಸ್ಕ್ರಿಪ್ಟು ನಮ್ಮ ಸರ್ವರಿನ್ಯಾಗ ಕುಂತು ಆ ಪುಟ ತರಿಸ್ಕೊಂಡು, ತೊಟ್ಟು ಕಿತ್ತು, ಬರೇ ಕಾಯಿ ಆರಿಸಿ ಬುಟ್ಟಿಗೆ ಹಾಕತೈತಿ. ಆ ಬುಟ್ಟಿ ಸಾಲಿಗೆ ಅರೇ ಅಂತಾರ್ರಿ.”

“ಮದಲನೇ ಬುಟ್ಟಿ ನಂಬರು?”

“ಸೊನ್ನೆ ರೀ.”

“ಸೊನ್ನೆ? ಯಾಕ, ಖಾಲಿ ಐತೇನು?”

“ತುಂಬೇ ಇರತೈತ್ರಿ. ನಂಬರಷ್ಟ ಸೊನ್ನೆ. ಯಂತ್ರ ಹಂಗ ಎಣಸತೈತಿ.”

ಗೋಣೆಪ್ಪನವರು ಸ್ವಲ್ಪ ಹೊತ್ತು ಯೋಚಿಸಿದರು. ಅವರ ತಂದೆಯ ಕಣದಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಯಾರೂ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು, ಆಮೇಲೆ ‘ಎರಡು’. ಅವರ ಮುಖ ಅರಳಿತು.

“ಅಂದ್ರ ನಾವು ಲಾಭ ಅಂದಂಗ. ಯಂತ್ರಕ್ಕೂ ರೀತಿ ರಿವಾಜು ಐತಿ ಅನ್ನು. ಚಲೋ ಆತು, ಹಚ್ಚು.”

ಆ ಮಂಗಳವಾರ ಸ್ಕ್ರಿಪ್ಟು ಓಡಿತು. ಸುತ್ತೋಲೆಯಂತೆ ಪರದೆಯ ಮೇಲೆ ಒಂದು ಟವೆಲ್ ಹೊದಿಸಿದ್ದರು. ಪ್ರಿಂಟರು ಕಿರ್ರನೆ ಕೂಗುತ್ತ ಇಪ್ಪತ್ನಾಲ್ಕು ಚೀಟಿ ಹೊರಹಾಕಿತು. ಸೊನ್ನೆಯಿಂದ ಇಪ್ಪತ್ಮೂರು. ಒಂದೊಂದು ಹೊರಬಂದಂತೆ ಗೋಣೆಪ್ಪನವರು ಒಂದೊಂದಕ್ಕೆ ಶಿಕ್ಕಾ ಒತ್ತಿ ಸಹಿ ಹಾಕಿದರು. ಎಲ್ಲ ಮುಗಿದ ಮೇಲೆ, ನೋಡುವುದು ನಿಯಮಬದ್ಧವಾದ ಕ್ಷಣದಲ್ಲಿ, ದುರ್ಗಾ ಮೊದಲ ಚೀಟಿಯನ್ನು ನೋಡಿದಳು.

ಕ್ರಮಸಂಖ್ಯೆ: ೦. ಹೆಸರು: ಫಲಾನುಭವಿಯ ಪೂರ್ಣ ಹೆಸರು. ಗಂಡ: ಗಂಡನ ಹೆಸರು. ಊರು: ಊರು. ವಯಸ್ಸು: ವಯಸ್ಸು.

ಆಗಿದ್ದು ಇಷ್ಟೇ: ಬೆಂಗಳೂರಿನಲ್ಲಿ ಪುಟ ಕಟ್ಟಿದವರು ಪಟ್ಟಿಯ ತಲೆಬರಹದ ಸಾಲಿಗೂ ಹೆಂಗಸರ ಹೆಸರಿಗೆ ಹಚ್ಚಿದ ಟ್ಯಾಗನ್ನೇ ಹಚ್ಚಿದ್ದರು. ಸ್ಕ್ರಿಪ್ಟು ತಲೆಬರಹವನ್ನೂ ಒಬ್ಬ ಹೆಂಗಸೆಂದು ಬಗೆದು ಮೊದಲ ಬುಟ್ಟಿಗೆ ಹಾಕಿತ್ತು. ಬುಟ್ಟಿಗಳು ಇಪ್ಪತ್ನಾಲ್ಕೇ. ಆದ್ದರಿಂದ ಕೊನೆಯವಳು ಹೊರಗೆ ಉಳಿದಿದ್ದಳು.

ಹೊರಗೆ ಉಳಿದವಳು ಮರುದಿನವೇ ಬಂದಳು. ಮೋಟೆಬೆನ್ನೂರಿನ ಮುದುಕವ್ವ, ಐವತ್ತೊಂದು ವರ್ಷ. ಅದರಲ್ಲಿ ಇಪ್ಪತ್ತೆರಡು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಅವಳ ಬೆರಳಿನ ಉರಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮೊಮ್ಮಗುವಿನ ಕೆನ್ನೆ ಮುಟ್ಟಬೇಕಾದರೆ ಮೊಣಕೈಯಿಂದ ಮುಟ್ಟುತ್ತಿದ್ದಳು. ಬ್ಯಾಡಗಿಯ ಕೆಫೆಯೊಂದರಲ್ಲಿ ವೆಬ್‌ಸೈಟಿನ ಪುಟವನ್ನು ಮುದ್ರಿಸಿಕೊಂಡು, ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ಬಂದಿದ್ದಳು. ಕೊನೆಯ ಸಾಲಿನಲ್ಲಿ ಅವಳ ಹೆಸರಿತ್ತು. ಹೆಸರಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದವಳೂ ಅವಳೇ. ಸಾಕ್ಷರತೆಯ ರಾತ್ರಿಶಾಲೆಯಲ್ಲಿ ಅವಳು ಕಲಿತದ್ದು ಒಂದೇ ಪದ, ತನ್ನ ಹೆಸರು. ಅದನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು.

“ಕೊಡವ್ವಾ ನನ್ನ ಚೀಟಿ,” ಅಂದಳು. “ನಾಳಿಂದ ಕೂಲಿಗೆ ಬರಂಗಿಲ್ಲ ಅಂತ ಮೇಸ್ತ್ರಿಗೆ ಹೇಳಿ ಬಂದೇನಿ. ಬರೇ ಹೇಳಿಲ್ಲ, ನಾಕು ಮಾತು ಬೈದೂ ಬಂದೇನಿ.”

ದುರ್ಗಾ ಅವಳನ್ನು ಕೂರಿಸಿ ಗೋಣೆಪ್ಪನವರ ಮೇಜಿಗೆ ಹೋದಳು.

“ಸರ, ತಪ್ಪು ಆಗೇತ್ರಿ. ಈ ಸೊನ್ನೆ ನಂಬರಿನಾಕಿ ಹೆಂಗಸಲ್ಲ, ತಲೆಬರಹ. ಒಂದರಿಂದ ಚಾಲೂ ಮಾಡು ಅಂತ ಸ್ಕ್ರಿಪ್ಟಿನ್ಯಾಗ ಒಂದು ಅಂಕಿ ಬದಲಿ ಮಾಡತೇನಿ. ಎರಡು ನಿಮಿಷದ ಕೆಲಸ.”

“ಬದಲಿ ಯಾವ ಕೈಲೆ ಮಾಡ್ತಿ?”

“ನನ್ನ ಕೈಲೆ ರೀ.”

“ಅದು ಮನಷ್ಯಾನ ಕೈ ಹೌದಲ್ಲೋ?”

ದುರ್ಗಾ ತನ್ನ ಕೈ ನೋಡಿಕೊಂಡಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಗೋಣೆಪ್ಪನವರು ಸೊನ್ನೆಯ ಚೀಟಿಯನ್ನು ಎತ್ತಿ ಕನ್ನಡಕದ ಕೆಳಗೆ ಹಿಡಿದರು. “ತಲೆಬರಹ ಅಂತಿ. ನನಗ ಹಂಗ ಕಾಣವೊಲ್ದು. ಇಲ್ಲಿ ನೋಡು. ಗಂಡನ ಹೆಸರು ಏನಂತ ಬರಿಸ್ಯಾಳ? ಗಂಡನ ಹೆಸರು ಅಂತ ಬರಿಸ್ಯಾಳ. ಬಾಯಿಬಿಟ್ಟು ಹೇಳಿಲ್ಲ. ನಮ್ಮಪ್ಪನ ಹೆಸರು ಬೆಳ್ಳೆಪ್ಪ. ನಮ್ಮವ್ವ ಸಾಯೂತನಕ ಬೆಳ್ಳುಳ್ಳಿ ಅನ್ನಲಿಲ್ಲವಾ, ‘ಬಿಳೀ ವಾಸನಿ’ ಅಂತಿದ್ದಳು. ವಯಸ್ಸು ಕೇಳಿದ್ರ ವಯಸ್ಸು ಅಂದಾಳ. ಯಾವ ಹೆಂಗಸು ವಯಸ್ಸು ಹೇಳ್ಯಾಳ? ಊರು ಕೇಳಿದ್ರ ಊರು ಅಂದಾಳ. ದೊಡ್ಡ ಮನಿತನದ ಮಾತು ಹಿಂಗ ಇರತಾವು, ಕಡಿಮಿ. ಇಂಥಾ ಮರ್ಯಾದಸ್ಥ ಹೆಣಮಗಳನ್ನ ಹೊಡದು ಹಾಕು ಅಂತೀಯಲ್ಲ, ನೀನೂ ಒಬ್ಬಾಕಿ ಹೆಣಮಗಳು!”

ಗಂಡನ ಹೆಸರು ಹೇಳದಿರುವ ಪದ್ಧತಿಯನ್ನು ಗೋಣೆಪ್ಪನವರು ಇಷ್ಟೊಂದು ಗೌರವಿಸಲು ಇನ್ನೂ ಒಂದು ಕಾರಣವಿತ್ತು. ಸೊನ್ನೆ ನಂಬರಿನ ಕಟ್ಟೆ ಸಾಲಿನ ಮೊದಲನೆಯದು, ಪೇಟೆಯ ಹೆಬ್ಬಾಗಿಲಿಗೆ ತಾಗಿದ್ದು. ನಿಯಮ ಒಂಬತ್ತರ ಪ್ರಕಾರ ಫಲಾನುಭವಿ ಡಿಸೆಂಬರ್ ಮೂವತ್ತೊಂದರ ಒಳಗೆ ಬಾರದಿದ್ದರೆ ಆ ಕಟ್ಟೆಯನ್ನು ‘ತಾತ್ಕಾಲಿಕ ಉಗ್ರಾಣ’ವಾಗಿ ಬಳಸಬಹುದು. ಗೋಣೆಪ್ಪನವರ ಹೆಂಡತಿಯ ತಮ್ಮ ಮಾಂತೇಶ ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ. ಕಟ್ಟೆ ತಾತ್ಕಾಲಿಕವಾಗುವ ಮೊದಲೇ ಅವನು ಆರು ಚೀಲ ಮೆಣಸಿನಕಾಯಿಯನ್ನು ಅಲ್ಲಿ ತಾತ್ಕಾಲಿಕವಾಗಿ ಇಟ್ಟಿದ್ದ. ಬರುವವಳು ಎಂದೂ ಬರಲಾರದವಳಾದರೆ ಒಳ್ಳೆಯದೇ ಎಂಬುದು ಅವನ ಅಭಿಪ್ರಾಯ. ಯಂತ್ರಕ್ಕೆ ನಾದಿನಿಯರು ಇರುವುದಿಲ್ಲ ನಿಜ. ಭಾವಮೈದುನರ ಬಗ್ಗೆ ಸುತ್ತೋಲೆ ಏನೂ ಹೇಳಿರಲಿಲ್ಲ.

“ಮತ್ತ ಈ ಮುದುಕವ್ವ?” ಅಂದಳು ದುರ್ಗಾ. “ಆಕಿ ಹೆಸರು ವೆಬ್‌ಸೈಟಿನ್ಯಾಗ ಐತ್ರಿ. ಕಾಗದ ತಂದಾಳ.”

“ಆ ಕಾಗದಾನ ಆಕಿ ಕಣ್ಣಿಲೆ ನೋಡ್ಯಾಳ?”

“ನೋಡ್ಯಾಳ್ರಿ.”

“ನೋಡಬಾರದಿತ್ತು,” ಅಂದರು ಗೋಣೆಪ್ಪನವರು ಬಹಳ ಕನಿಕರದಿಂದ.

ದುರ್ಗಾ ಪ್ರಧಾನ ಕಚೇರಿಗೆ ಇ-ಮೇಲ್ ಬರೆದಳು. ಎರಡು ಸಲ ಓದಿ ಕಳಿಸಿದಳು. ಒಂಬತ್ತು ದಿನದ ಮೇಲೆ ಉತ್ತರ ಬಂತು: “ವೆಬ್‌ಸೈಟಿನಲ್ಲಿರುವ ಪಟ್ಟಿ ಸರಿಯಾಗಿದೆ. ಯಂತ್ರವು ಹೊರತೆಗೆದ ಪಟ್ಟಿಯೂ ಸರಿಯಾಗಿದೆ. ಎರಡೂ ಸರಿಯಾಗಿರುವುದರಿಂದ ಅವುಗಳನ್ನು ಹೋಲಿಸುವ ಅಗತ್ಯವಿಲ್ಲ.”

ಇಪ್ಪತ್ಮೂರು ಹೆಂಗಸರು ಬಂದು ಚೀಟಿ ಒಯ್ದರು. ಪೇಂಟರ್ ಫಕ್ಕೀರಸಾಬ ಕಟ್ಟೆಗಳ ಮೇಲೆ ನಂಬರು ಬರೆದ. ಮೊದಲ ಕಟ್ಟೆಗೆ ಬಂದಾಗ ದುರ್ಗಾಳಿಗೆ ಫೋನ್ ಮಾಡಿ, “ಬಾಯಿ, ಸೊನ್ನಿ ಬರದು ಅದರ ಹಿಂದ ಏನು ಬರೀಲಿ?” ಎಂದು ಕೇಳಿದ. ಏನೂ ಇಲ್ಲ ಅಂದಾಗ ತುಸು ಬೇಸರಪಟ್ಟ. ಸೊನ್ನೆಯೊಳಗೆ ತನ್ನ ಸಂತೋಷಕ್ಕೆ ಒಂದು ಹೂವು ಬರೆದ. ಡಿಸೆಂಬರ್ ಮೊದಲ ವಾರ ಒಂದು ಆಟೋ ಧ್ವನಿವರ್ಧಕ ಕಟ್ಟಿಕೊಂಡು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಪೇಟೆಗಳಲ್ಲಿ ತಿರುಗಿತು:

“ಪ್ರಕಟಣೆ. ಶ್ರೀಮತಿ ಫಲಾನುಭವಿಯ ಪೂರ್ಣ ಹೆಸರು, ಗಂಡ ಗಂಡನ ಹೆಸರು, ಸಾಕೀನ್ ಊರು, ಇವರು ಎಲ್ಲಿದ್ದರೂ ಈ ತಿಂಗಳು ಇಪ್ಪತ್ತೇಳರಂದು ಹಾವೇರಿಯ ಕೋಶಕ್ಕೆ ಖುದ್ದು ಹಾಜರಾಗಿ ತಾವು ತಾವೇ ಎಂದು ರುಜುವಾತುಪಡಿಸತಕ್ಕದ್ದು. ತಪ್ಪಿದಲ್ಲಿ ಅವರು ಇಲ್ಲವೆಂದು ಭಾವಿಸಲಾಗುವುದು.”

ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಕೇಳಿದ ಇಬ್ಬರು, ಪಾಪ ಯಾರೋ ಮನೆ ಬಿಟ್ಟು ಹೋಗಿರಬೇಕು ಎಂದು ಮಾತಾಡಿಕೊಂಡರಂತೆ.

ಆಟೋ ಮೋಟೆಬೆನ್ನೂರಿಗೂ ಹೋಗಿತ್ತು. ಮರುದಿನ ಮುದುಕವ್ವ ಕಚೇರಿಯ ಮೆಟ್ಟಿಲ ಮೇಲೆ ಕೂತು ದುರ್ಗಾಳ ದಾರಿ ಕಾಯುತ್ತಿದ್ದಳು. ಈ ಮೂರು ವಾರಗಳಲ್ಲಿ ಅವಳು ಮೇಸ್ತ್ರಿಯ ಹತ್ತಿರ ವಾಪಸು ಹೋಗಿ, ಬೈದದ್ದಕ್ಕೆ ತಪ್ಪಾಯಿತು ಎಂದು ಹೇಳಿ, ಅರ್ಧ ಬಿಸಿಲಿನ ಜಾಗದಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಳು. ನೆರಳಿನ ಜಾಗ ಬೇರೆಯವರಿಗೆ ಹೋಗಿತ್ತು.

“ತಂಗೀ, ಖರೇ ಹೇಳು. ಆ ಉದ್ದ ಹೆಸರಿನಾಕಿ ಬರತಾಳೇನು?”

“ಬರಂಗಿಲ್ಲ ಯಕ್ಕಾ. ಹುಟ್ಟಿದ್ರಲ್ಲ ಬರೂದು.”

“ಹಂಗಾರ ನಾನ ಆಕಿ ಆಗತೇನಿ.”

ದುರ್ಗಾ ಬ್ಯಾಗು ಕೆಳಗಿಟ್ಟಳು. “ಏನ ಮಾತಾಡ್ತೀ? ನಿನ್ನ ಹೆಸರು ಮುದುಕವ್ವ. ಅದು ನಿನ್ನ ಹೆಸರ ಅಲ್ಲ. ಯಾರ ಹೆಸರೂ ಅಲ್ಲ. ಸುಳ್ಳು ಆಗತೈತಿ.”

“ಸುಳ್ಳು ನಾ ಹೇಳೇನೇನು? ನಿನ್ನ ಯಂತ್ರ ಹೇಳೇತಿ. ನಾ ಬರೇ ಹ್ಞೂಂ ಅಂತೇನಿ.” ಮುದುಕವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. “ಇಪ್ಪತ್ತೆರಡು ವರ್ಷ ಆ ಮೇಸ್ತ್ರಿ ನನ್ನ ‘ಏಯ್ ಕಂಬದ ಬಾಜೂದಾಕಿ’ ಅಂತ ಕರದಾನ. ಅದಕ್ಕೂ ಓ ಅಂದೇನಿ. ಈ ಹೆಸರರ ನೋಡು, ಉದ್ದ ಐತಿ, ಮದಲಿಗೆ ಶ್ರೀಮತಿ ಐತಿ, ಆಟೋದಾಗ ಕರದಾರ. ಯಾಕ ಒಲ್ಲೆ ಅನ್ಲಿ?”

ದುರ್ಗಾ ಆ ದಿನವಿಡೀ ಯೋಚಿಸಿದಳು. ಸರಿಯಾದ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದ್ದಾಗಿತ್ತು. ಪ್ರತಿಯೊಂದೂ ಗೋಣೆಪ್ಪನವರ ಮೇಜಿಗೇ ಬಂದು ನಿಲ್ಲುತ್ತಿತ್ತು. ಸಂಜೆ ಅವಳು ನಾಲ್ಕು ಗೆರೆಯ ಕಾಪಿ ಪುಸ್ತಕ ಒಂದನ್ನು ತಂದು ಮುದುಕವ್ವನ ಕೈಗಿಟ್ಟಳು. ಚೀಟಿ ಪಡೆಯುವಾಗ ಸಹಿ ಮಾಡಬೇಕು. ಹೆಬ್ಬೆಟ್ಟು ಒತ್ತಿದರೆ ಬೆರಳ ಗುರುತಿನಲ್ಲಿ ಮುದುಕವ್ವ ಸಿಕ್ಕಿಬೀಳುವ ಸಂಭವವಿತ್ತು.

ನಾಲ್ಕು ಅಕ್ಷರದ ಹೆಸರನ್ನು ಮೂರು ತಿಂಗಳಲ್ಲಿ ಕಲಿತವಳು, ಇದನ್ನು ಎರಡು ವಾರದಲ್ಲಿ ಕಲಿಯಬೇಕಿತ್ತು. ಊಟದ ಹೊತ್ತಿನಲ್ಲಿ ತೊಟ್ಟಿನ ರಾಶಿಯ ಪಕ್ಕ ಕೂತು ಬರೆದಳು. ಫ ಮತ್ತು ಭ ಎರಡಕ್ಕೂ ಹೊಟ್ಟೆ ಸೀಳುವುದೇಕೆಂದು ಕೇಳಿದಳು. ‘ರ್ಣ’ದ ಹತ್ತಿರ ಮೂರು ದಿನ ನಿಂತಳು. ಪುಸ್ತಕದ ಹಾಳೆಗಳೆಲ್ಲ ಕೆಂಪಗಾದವು. ತಿದ್ದಲು ಕೂತ ದುರ್ಗಾಳ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಅಳು ಬಂದಿದ್ದರೂ ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹನ್ನೆರಡನೆಯ ದಿನ ಮುದುಕವ್ವ ಹೆಸರನ್ನು ತಪ್ಪಿಲ್ಲದೆ ಬರೆದು, ಕೆಳಗೆ ಚಿಕ್ಕದಾಗಿ ‘ಮುದುಕವ್ವ’ ಎಂದೂ ಬರೆದಳು. ದುರ್ಗಾ ಅದನ್ನು ರಬ್ಬರಿನಿಂದ ಅಳಿಸಬೇಕಾಯಿತು.

“ಅಳಸು, ಅಳಸು,” ಅಂದಳು ಮುದುಕವ್ವ. “ಅದು ಕೈಗೆ ರೂಢಿ ಆಗೇತಿ, ಹೋಗಂಗಿಲ್ಲ.”

ಇಪ್ಪತ್ತೇಳರಂದು ವಿಚಾರಣೆ. ವಿಚಾರಣಾಧಿಕಾರಿಯಾಗಿ ಕೋಶದ ರಾಣೇಬೆನ್ನೂರು ಶಾಖೆಯಿಂದ ಮಹಮೂದಾಬೇಗಂ ಬಂದಿದ್ದರು. ಕಾಗದದಲ್ಲಿ ಇದ್ದದ್ದನ್ನು ಇಲ್ಲವೆಂದೂ, ಇಲ್ಲದ್ದನ್ನು ಇದೆಯೆಂದೂ ಅವರು ತಮ್ಮ ಸೇವೆಯಲ್ಲಿ ಒಮ್ಮೆಯೂ ಹೇಳಿದವರಲ್ಲ. ಮೇಜಿನ ಮೇಲೆ ಸೊನ್ನೆಯ ಚೀಟಿಯನ್ನು ನೇರವಾಗಿ ಇಟ್ಟುಕೊಂಡರು. ಒಂದು ಕಡೆ ಗೋಣೆಪ್ಪನವರು. ಅವರ ಹಿಂದೆ, ಸಾರ್ವಜನಿಕರ ಪರವಾಗಿ, ಮಾಂತೇಶ. ದುರ್ಗಾ ಬರೆದುಕೊಳ್ಳಲು ಕೂತಿದ್ದಳು.

“ಹೆಸರು?”

“ಫಲಾನುಭವಿಯ ಪೂರ್ಣ ಹೆಸರು ರೀ,” ಅಂದಳು ಮುದುಕವ್ವ.

ಬೇಗಂ ಚೀಟಿ ನೋಡಿದರು. “ಹೊಂದತೈತಿ. ಊರು?”

“ಊರು ರೀ.”

“ಹೊಂದತೈತಿ. ವಯಸ್ಸು?”

“ಆಗೇತ್ರಿ ಮೇಡಂ, ವಯಸ್ಸು.”

“ಗಂಡನ ಹೆಸರು?”

ಮುದುಕವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು.

ಗೋಣೆಪ್ಪನವರು ಎದ್ದರು. ತಾವು ಎಂಥ ಪದ್ಧತಿಯನ್ನು ಹೊಗಳಿದ್ದೆವೆಂಬುದು ಆ ಗಳಿಗೆಯಲ್ಲಿ ಅವರಿಗೆ ಮರೆತಿತ್ತು. “ಬಾಯಿಬಿಟ್ಟು ಹೇಳಲಿ ಮೇಡಂ. ಈಕಿ ಮೋಟೆಬೆನ್ನೂರಿನ ಮುದುಕವ್ವ, ನನಗ ಗೊತ್ತೈತಿ!”

“ಮುದುಕವ್ವ ಯಾರು? ಪಟ್ಟಿಯೊಳಗ ಅದಾಳೇನು?” ಎಂದರು ಬೇಗಂ.

“ಪಟ್ಟಿಯೊಳಗ ಇಲ್ರಿ.”

“ಮತ್ತ ಇಲ್ಲದಾಕೀನ ಇಲ್ಲಿಗ್ಯಾಕ ತರತೀರಿ?” ಅವರು ಮುದುಕವ್ವನ ಕಡೆ ತಿರುಗಿದರು. “ಹೇಳವ್ವಾ. ಹೇಳಾಕ ಆಗದಿದ್ರ ಒಡಪು ಕಟ್ಟಿ ಹೇಳು. ನಮ್ಮ ಓಣ್ಯಾಗೂ ಹಂಗ ಹೇಳತಾರ, ನಡೀತೈತಿ.”

ಮದುವೆ ಮನೆಯಲ್ಲಿ ಹೆಸರು ಹೇಳು ಎಂದು ಪೀಡಿಸಿದಾಗ ಹೆಂಗಸರು ಗಂಡನ ಹೆಸರನ್ನು ಒಡಪಿನ ಕೊನೆಯಲ್ಲಿ ಸೇರಿಸಿ ಹೇಳಿ ಓಡುವುದು ಆ ಕಡೆಯ ಪದ್ಧತಿ. ಮುದುಕವ್ವ ಗಂಟಲು ಸರಿಮಾಡಿಕೊಂಡಳು.

“ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ;
ಕಚೇರಿ ಕಾಗದಕ್ಕ ಶಿಕ್ಕಾ ಭಾಳ, ಖರೇ ಕಡಿಮಿ;
ಚೀಟ್ಯಾಗ ಬರದದ್ದ ನನ್ನ ಕುಂಕುಮ, ನನ್ನ ಹಣಿ,
ಗಂಡನ ಹೆಸರು ಅಂತಾರ, ಅವರ ನನ್ನ ಮನಿ ಧಣಿ.”

ಬೇಗಂ ಚೀಟಿಯ ಮೇಲೆ ಬೆರಳಿಟ್ಟು ಓದಿದರು. “ಗಂಡನ ಹೆಸರು. ಅಕ್ಷರಕ್ಕ ಅಕ್ಷರ ಹೊಂದತೈತಿ.”

“ಗಂಡ ಹೊರಗ ಅದಾನ, ಕರೀರಿ!” ಎಂದು ಮಾಂತೇಶ ಕೂಗಿದ. ಗಂಡನನ್ನು ಕರೆದರು. ಬಡಪಾಯಿ ಗುಡ್ಡಪ್ಪನಿಗೆ ಹೆಂಡತಿ ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಆದರೆ ಅಧಿಕಾರಿಗಳನ್ನು ಕಂಡ ಕೂಡಲೇ ಖರೇ ಹೇಳುವ ಕೆಟ್ಟ ಚಟ ಅವನಿಗಿತ್ತು.

“ನಿಮ್ಮ ಹೆಸರು?”

“ಗುಡ್ಡಪ್ಪ ರೀ.”

ದುರ್ಗಾಳ ಪೆನ್ನು ನಿಂತಿತು. ಮುದುಕವ್ವ ಗಂಡನನ್ನು ನೋಡಿದ ನೋಟದಲ್ಲಿ ಆ ವರ್ಷದ ಬ್ಯಾಡಗಿ ಕಾಯಿಗಿಲ್ಲದ ಖಾರ ಪೂರ್ತಿ ಇತ್ತು.

ಮಹಮೂದಾಬೇಗಂ ನಿಯಮಾವಳಿ ತೆರೆದು, ಕೊನೆಯ ಪುಟದವರೆಗೆ ಓದಿ, ಮುಚ್ಚಿದರು. “ಗಂಡನ ಹೆಸರನ್ನು ಹೆಂಡತಿ ಹೇಳಬೇಕು ಅಂತ ಐತಿ. ಗಂಡ ತನ್ನ ಹೆಸರು ತಾನ ಹೇಳಾಕ ನಿಯಮದಾಗ ಅವಕಾಶ ಇಲ್ಲ. ಇವರ ಹೇಳಿಕಿ ದಾಖಲ ಮಾಡಬ್ಯಾಡ್ರಿ.”

“ಗುರುತಿನ ದಾಖಲಿ? ಚೀಟಿ ಕೊಡಾಕ ಗುರುತಿನ ದಾಖಲಿ ಬೇಕು!” ಗೋಣೆಪ್ಪನವರ ಕಡೆಯ ಅಸ್ತ್ರ ಅದು.

“ಯಾವ್ಯಾವ ದಾಖಲಿ ನಡೀತಾವು, ಓದಮ್ಮ ದುರ್ಗಾ.”

ದುರ್ಗಾ ಓದಿದಳು. ಪಡಿತರ ಚೀಟಿ, ಮತದಾರರ ಚೀಟಿ, ಅಥವಾ ಕೋಶವು ಶಿಕ್ಕಾ ಸಮೇತ ನೀಡಿದ ಹಕ್ಕುಚೀಟಿ.

“ಈ ಹೆಸರಿನ ಹಕ್ಕುಚೀಟಿ ಇಲ್ಲೇ ಐತಿ. ಶಿಕ್ಕಾ ಐತಿ. ಸಹಿ ಯಾರದು, ನಿಮ್ಮದ ಅಲ್ಲೇನ್ರಿ ಗೋಣೆಪ್ಪನವರ?” ಬೇಗಂ ಚೀಟಿಯನ್ನು ಎತ್ತಿ ಮುದುಕವ್ವನ ಕೈಗೆ ಕೊಟ್ಟರು. ಗುರುತಿಗಾಗಿ ವಾಪಸು ಇಸಿದುಕೊಂಡು ನೋಡಿದರು. ಗುರುತು ಸಿಕ್ಕಿತು. ಮತ್ತೆ ಕೊಟ್ಟರು. “ಸಹಿ ಮಾಡವ್ವಾ.”

ಮುದುಕವ್ವ ನಾಲಿಗೆಯ ತುದಿ ಹೊರಗಿಟ್ಟು ಬರೆದಳು. ‘ರ್ಣ’ದ ಹತ್ತಿರ ಒಮ್ಮೆ ಉಸಿರು ಹಿಡಿದಳು. ದುರ್ಗಾಳೂ ಹಿಡಿದಳು. ನಂತರ ‘ಹೆಸರು’ ಸಲೀಸಾಗಿ ಬಂತು.

ಡಿಸೆಂಬರ್ ಮೂವತ್ತಕ್ಕೆ ಮಾಂತೇಶನ ಆರು ಚೀಲ ಕಟ್ಟೆ ಇಳಿದವು. ಮುದುಕವ್ವ ಎಂಬವಳು ಇಲ್ಲವೆಂದು ನಡವಳಿಯಲ್ಲಿ ದಾಖಲಾಯಿತು. ಸೋತದ್ದನ್ನು ಗೋಣೆಪ್ಪನವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ; ನಾಪತ್ತೆಯಾಗಿದ್ದ ಫಲಾನುಭವಿಯನ್ನು ಪತ್ತೆ ಹಚ್ಚಿದ್ದಕ್ಕೆ ಅವರಿಗೆ ಪ್ರಶಂಸಾಪತ್ರ ಬಂದಿತ್ತು.

ಪೇಟೆಗೆ ಅಷ್ಟುದ್ದದ ಹೆಸರು ಕರೆಯಲು ಪುರಸೊತ್ತಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವಳು ಪೂರ್ಣಕ್ಕ ಆಗಿದ್ದಳು. ಹೂವಿರುವ ಸೊನ್ನೆಯ ಕಟ್ಟೆಗೆ ಮದುವೆಯ ಗಿರಾಕಿಗಳು ಮೊದಲು ಬರತೊಡಗಿದರು. ಗುಡ್ಡಪ್ಪನೂ ಒಂದು ಸಂಜೆ ಮರೆತು “ಪೂರ್ಣಾ” ಎಂದು ಕರೆದು, ಬೈಸಿಕೊಳ್ಳದೆ ಉಳಿದ.

ಮರುವರ್ಷ ರಾಣೇಬೆನ್ನೂರಿನಲ್ಲಿ ಇನ್ನೂ ಇಪ್ಪತ್ನಾಲ್ಕು ಕಟ್ಟೆ ಎದ್ದವು. ದುರ್ಗಾ ಸ್ಕ್ರಿಪ್ಟಿನ ಆ ಒಂದು ಅಂಕಿಯನ್ನು ತಿದ್ದಲು ಅನುಮತಿ ಕೇಳಿದಳು. ಪರೀಕ್ಷೆಯಾಗಿ ಗೆದ್ದ ಸ್ಕ್ರಿಪ್ಟನ್ನು ಮುಟ್ಟಕೂಡದೆಂದು ಅಪ್ಪಣೆಯಾಯಿತು. ಆದರೆ ಸುದ್ದಿ ಕುಪ್ಪೇಲೂರಿನವರೆಗೂ ಹೋಗಿತ್ತು: ಹೆಸರು ಹೇಳಿದವಳಿಗೆ ಕಟ್ಟೆ ತಪ್ಪುತ್ತದೆ, ಹೇಳದವಳಿಗೆ ಹೆಬ್ಬಾಗಿಲಿನ ಕಟ್ಟೆ ಸಿಗುತ್ತದೆ. ಆ ಸಲದ ಒಂಬೈನೂರು ಅರ್ಜಿಗಳಲ್ಲಿಯೂ ಹೆಸರಿನ ಜಾಗದಲ್ಲಿ ಫಲಾನುಭವಿಯ ಪೂರ್ಣ ಹೆಸರು, ಗಂಡನ ಜಾಗದಲ್ಲಿ ಗಂಡನ ಹೆಸರು, ಊರಿನ ಜಾಗದಲ್ಲಿ ಊರು ಎಂದೇ ಇತ್ತು. ತಲೆಬರಹವೂ ಸೇರಿ ಪಟ್ಟಿಯ ಇಪ್ಪತ್ತೈದೂ ಸಾಲು ಒಂದೇ ಆದವು. ಸೊನ್ನೆಯಿಂದ ಎಣಿಸಿದರೂ ಒಂದರಿಂದ ಎಣಿಸಿದರೂ ಒಬ್ಬಳಿಗೂ ಅನ್ಯಾಯವಾಗಲಿಲ್ಲ. ರಾಜ್ಯದಲ್ಲೇ ಒಂದೂ ತಪ್ಪಿಲ್ಲದ ಪಟ್ಟಿಯೆಂದು ಪ್ರಧಾನ ಕಚೇರಿ ಅದನ್ನು ಕೊಂಡಾಡಿತು. ಚೀಟಿ ಪಡೆಯುವ ದಿನ ಬಂದವರು ಆರುನೂರ ಎಂಬತ್ತು ಜನ. ಎಲ್ಲರ ಗುರುತೂ ಹೊಂದಿತು. ಈಗ ಅವರು ಸರದಿಯ ಮೇಲೆ ಕೂರುತ್ತಿದ್ದಾರೆ.

ಆ ಯಶಸ್ಸಿನ ಲೆಕ್ಕದಲ್ಲಿ ಕೋಶದ ಗುತ್ತಿಗೆ ನೌಕರರ ನವೀಕರಣವನ್ನೂ ಸ್ಕ್ರಿಪ್ಟಿಗೆ ಒಪ್ಪಿಸಲಾಯಿತು. ದುರ್ಗಾಳಿಗೆ ಆದೇಶ ಬಂದ ದಿನ ಅವಳು ಮಧ್ಯಾಹ್ನದ ಬಸ್ಸು ಹತ್ತಿ ಬ್ಯಾಡಗಿಗೆ ಹೋಗಿ, ಕಟ್ಟೆಯ ಅಂಚಿಗೆ ಕೂತು, ಕಾಗದವನ್ನು ಪೂರ್ಣಕ್ಕನ ಮುಂದೆ ಹಿಡಿದಳು. ಅದರಲ್ಲಿ ‘ನೌಕರರ ಹೆಸರು’ ಎಂಬವರನ್ನು ಮುಂದಿನ ಹನ್ನೊಂದು ತಿಂಗಳಿಗೆ ನೇಮಿಸಲಾಗಿದೆ ಎಂದಿತ್ತು. ದುರ್ಗಾ ಎಂಬವಳ ಬಗ್ಗೆ ಏನೂ ಇರಲಿಲ್ಲ.

“ಸ್ಕ್ರಿಪ್ಟು ನಂದ, ಯಕ್ಕಾ,” ಅಂದಳು ದುರ್ಗಾ. “ನಾನ ಬರದದ್ದು.”

ಪೂರ್ಣಕ್ಕ ಕಾಗದವನ್ನು ದೂರ ಹಿಡಿದು, ಕೂಡಿಸಿ ಕೂಡಿಸಿ ಓದಿದಳು. ‘ಹೆಸರು’ ಅವಳಿಗೆ ಕೂಡಲೇ ಸಿಕ್ಕಿತು.

“ಹುಚ್ಚೀ, ಒತ್ತಕ್ಷರ ಒಂದೂ ಇಲ್ಲ. ನಿನಗ ಅಗ್ಗದಾಗ ಬಂದೈತಿ,” ಅಂದಳು. ಸೆರಗಿನ ಗಂಟು ಬಿಚ್ಚಿ ತನ್ನ ಪೆನ್ನು ಕೊಟ್ಟಳು. “ಸಹಿ ಮಾಡು.”

ದುರ್ಗಾ ಎರಡು ಸಲ ಓದಿದಳು. ಸಹಿ ಮಾಡಿದಳು.

ಅಷ್ಟರಲ್ಲಿ ಹೆಬ್ಬಾಗಿಲಿನಲ್ಲಿ ಗುಡ್ಡಪ್ಪನ ಗಾಡಿ ಬಂದು ನಿಂತಿತು. ಪೂರ್ಣಕ್ಕ ಎದ್ದು, ಸೊಂಟಕ್ಕೆ ಸೆರಗು ಬಿಗಿದು, ತೊಟ್ಟು ಬಿಡಿಸಿದ ಕಾಯಿಯ ಬುಟ್ಟಿಗಳನ್ನು ಎಣಿಸಿ ಇಳಿಸಿಕೊಳ್ಳತೊಡಗಿದಳು. ಮೊದಲ ಬುಟ್ಟಿಗೆ ಅವಳು ‘ಲಾಭ’ ಅನ್ನಲಿಲ್ಲ.

“ಸೊನ್ನಿ,” ಅಂದಳು. “ಒಂದು. ಎರಡು.”

ಸುತ್ತಲಿನ ಕಟ್ಟೆಗಳಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಅವರೂ ಎಣಿಸುತ್ತಿದ್ದರು.